ಚಂಡೆಯ ನಾದವೂ ಗಣಕಯಂತ್ರವೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಕರಾವಳಿಯಲ್ಲಿ ಕಿವಿಗೆ ಬಡತನವೆಂಬುದಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು ಮೊರೆಯುತ್ತಿದ್ದರೆ ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ ಸದ್ದಿಲ್ಲದೆ ಹರಿಯುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ ನಡೆದರೆ ಚಂಡೆಯ ಸದ್ದು ಊರಾಚೆಗೂ ಕೇಳಿಸುತ್ತದೆ. ಇಂತಹ ನೆಲದಲ್ಲಿ ಬೆಳೆದ, ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ಹವ್ಯಾಸವುಳ್ಳ ವಿದ್ಯಾರ್ಥಿಯು ಧ್ವನಿಯ ಅಂಕೀಯ ಸಂಸ್ಕರಣವನ್ನು, ಎಂದರೆ ಧ್ವನಿಯನ್ನು ಅಂಕಿಗಳ ಸಾಲಾಗಿಸಿ ಅವುಗಳ ಮೇಲೆ ಲೆಕ್ಕ ನಡೆಸುವ ವಿದ್ಯೆಯನ್ನು, ಕಲಿಯಹೊರಟರೆ ಎಲ್ಲಿಂದ ಆರಂಭಿಸಬೇಕು? ತನ್ನ ಊರಿನ ಧ್ವನಿಯಿಂದ, ತಾನೇ ಬರೆದ ಪ್ರೋಗ್ರಾಮಿನಿಂದ ಎಂಬುದು ನಮ್ಮ ಅಭಿಪ್ರಾಯ. ಇದು ಕೇವಲ ಊರಿನ ಅಭಿಮಾನದಿಂದ ಆಡಿದ ಮಾತಲ್ಲ.

ಮೊಬೈಲು ಫೋನು ಮುಖ್ಯವಾಗಿ ಮನುಷ್ಯನ ಮಾತನ್ನು ಸಾಗಿಸಲೆಂದು ಹುಟ್ಟಿದ ಯಂತ್ರ. ಹಲವು ಫೋನುಗಳಲ್ಲಿ ಧ್ವನಿಯನ್ನು ಹಿಡಿಯುವಾಗ ನಮಗೆ ತಿಳಿಯದಂತೆ ಎರಡು ಕೆಲಸಗಳು ನಡೆಯುತ್ತವೆ. ದೊಡ್ಡ ಸದ್ದು ಬಂದೊಡನೆ ಯಂತ್ರವು ತನ್ನ ಕಿವಿಯನ್ನು ತಾನೇ ಮಂದಗೊಳಿಸಿಕೊಳ್ಳುತ್ತದೆ. ಎಡೆಬಿಡದೆ ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದೆಣಿಸಿ ತಗ್ಗಿಸಿಬಿಡುತ್ತದೆ. ಸಂಭಾಷಣೆಗೆ ಇವೆರಡೂ ಉಪಕಾರಿಗಳೇ ಸರಿ. ಆದರೆ ಆಟದ ಬಯಲಿನಲ್ಲಿ, ಚಂಡೆಯ ಬಲವಾದ ಪೆಟ್ಟಿನ ಬೆನ್ನಿಗೇ ಭಾಗವತರ ಸ್ವರ ಕುಗ್ಗುತ್ತದೆ; ಕ್ಷಣ ಕಳೆದು ಮತ್ತೆ ಏರುತ್ತದೆ. ಮರವಂತೆಯ ಕಡಲಂತೂ ಯಂತ್ರದ ದೃಷ್ಟಿಯಲ್ಲಿ ಗುಡಿಸಿ ಹಾಕತಕ್ಕ ಕಸ! ಯಾವುದು ಧ್ವನಿ, ಯಾವುದು ಗದ್ದಲ ಎಂಬ ತೀರ್ಪನ್ನು ಎಲ್ಲಿಯೋ ಕುಳಿತ, ಬಹುಶಃ ಚಂಡೆಯನ್ನು ಕೇಳಿಯೇ ಇರದ ಎಂಜಿನಿಯರರು ಮೊದಲೇ ಬರೆದಿಟ್ಟಿದ್ದಾರೆ. ಆ ತೀರ್ಪನ್ನು ಓದಿ ತಿದ್ದಬಲ್ಲವರು ನಮ್ಮಲ್ಲಿ ತಯಾರಾಗದಿದ್ದರೆ, ಇಂದು ಫೋನಿನಲ್ಲಿ ಹಿಡಿದಿಟ್ಟ ಆಟಗಳು ಹೀಗೆ ಊನಗೊಂಡ ರೂಪದಲ್ಲಿಯೇ ಮುಂದಿನವರ ಕೈಸೇರುವುವು.

ಕಲಿಕೆಯ ಮೊದಲ ಮೆಟ್ಟಲು ಕಠಿನವಲ್ಲ. ಗಾಳಿಯ ಒತ್ತಡದ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಹಂತಗಳಲ್ಲಿ ಒಂದಕ್ಕೆ ಸರಿಹೊಂದಿಸುವುದು 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗಳಿಂದ ರೂಢಿಯಾದ ಕ್ರಮ. ವೇವ್ ಎಂಬ ಬಗೆಯ ಫೈಲಿನಲ್ಲಿ ಸಾಮಾನ್ಯವಾಗಿ ಮೊದಲ 44 ಬೈಟುಗಳು ಪೀಠಿಕೆ. ಅನಂತರದ್ದೆಲ್ಲ ಈ ಅಳತೆಗಳೇ. ಒಂದು ನಿಮಿಷದ ಮದ್ದಲೆಯ ವಾದನವೆಂದರೆ 26,46,000 ಅಂಕಿಗಳು. ಅವನ್ನು ಓದಿ, ಎರಡರಿಂದ ಭಾಗಿಸಿ, ಮರಳಿ ಬರೆದು ಕೇಳಿದರೆ ಸದ್ದು ಮೆಲ್ಲಗಾಗಿರುತ್ತದೆ. ಕೊನೆಯಿಂದ ಮೊದಲಿಗೆ ಬರೆದರೆ ನಾದವು ಉಬ್ಬುತ್ತ ಬಂದು, ಪೆಟ್ಟಿನಲ್ಲಿ ಥಟ್ಟನೆ ಮುಗಿಯುತ್ತದೆ. ಹತ್ತಿಪ್ಪತ್ತು ಸಾಲುಗಳ ಕೆಲಸವಿದು. ಆದರೂ ಇದನ್ನು ಕೈಯಾರೆ ಮಾಡಿದವನಿಗೆ, ಧ್ವನಿಯೆಂದರೆ ಅಂಕಿಗಳ ಸಾಲು ಎಂಬುದು ಬಾಯಿಪಾಠದ ಮಾತಾಗಿ ಉಳಿಯದು.

ಸೆಕೆಂಡಿಗೆ 44,100 ಅಳತೆಗಳಿದ್ದರೆ ಅದರ ಅರ್ಧಕ್ಕಿಂತ ಕೆಳಗಿನ, ಎಂದರೆ 22,050 ಹರ್ಟ್ಸ್‌ಗೆ ಒಳಪಟ್ಟ ಕಂಪನಗಳನ್ನು ಮಾತ್ರ ಸರಿಯಾಗಿ ಹಿಡಿಯಬಹುದು. 1928ರಲ್ಲಿ ನೈಕ್ವಿಸ್ಟ್ ಸೂಚಿಸಿ 1949ರಲ್ಲಿ ಶ್ಯಾನನ್ ಸ್ಪಷ್ಟಪಡಿಸಿದ ನಿಯಮವಿದು. ಇದನ್ನು ನಂಬುವುದಕ್ಕಿಂತ ಮುರಿದು ನೋಡುವುದು ಲೇಸು. 6,000 ಹರ್ಟ್ಸ್‌ನ ಸ್ವರವೊಂದನ್ನು ತಯಾರಿಸಿ, ಐದು ಅಳತೆಗಳಿಗೆ ಒಂದರಂತೆ ಉಳಿಸಿ ಮಿಕ್ಕವನ್ನು ಬಿಸುಟರೆ, ಸೆಕೆಂಡಿಗೆ ಉಳಿಯುವುದು 8,820 ಅಳತೆಗಳು. ಈಗ ಕೇಳಿಸುವುದು 6,000 ಅಲ್ಲ, 2,820 ಹರ್ಟ್ಸ್‌ನ ಸ್ವರ! ಸಿನಿಮಾದಲ್ಲಿ ಮುಂದಕ್ಕೋಡುವ ಬಂಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ತೋರುವುದೂ ಈ ಜಾತಿಯ ಭ್ರಮೆಯೇ.

ಇನ್ನು ಮದ್ದಲೆಗೆ ಬರೋಣ. ಬರಿಯ ತೊಗಲನ್ನು ವೃತ್ತಾಕಾರವಾಗಿ ಬಿಗಿದು ಬಡಿದರೆ ಹುಟ್ಟುವ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿಯಾಗಿರುತ್ತವೆಂದು ಗಣಿತ ಹೇಳುತ್ತದೆ. ಆದಕಾರಣ ಬರಿ ತೊಗಲಿನ ವಾದ್ಯದಿಂದ ಸದ್ದು ಬರುತ್ತದೆ, ಸ್ಪಷ್ಟವಾದ ಶ್ರುತಿ ಬರುವುದು ದುರ್ಲಭ. ಮೃದಂಗದ ಮತ್ತು ತಬಲದ ತೊಗಲಿನ ನಡುವೆ ಹಚ್ಚಿದ ಕಪ್ಪು ಲೇಪವು ಈ ಅಡ್ಡಾದಿಡ್ಡಿಯನ್ನು ಸರಿಪಡಿಸಿ, ಉಪಸ್ವರಗಳನ್ನು ಎರಡು, ಮೂರು, ನಾಲ್ಕು, ಐದು ಪಟ್ಟುಗಳ ಸಮೀಪಕ್ಕೆ ಎಳೆದು ತರುತ್ತದೆಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿಯೇ ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತೊಗಲಿನ ಮೇಲೆ ಮರಳು ಉದುರಿಸಿ ಅದರ ಕಂಪನದ ರೇಖೆಗಳನ್ನೇ ತೋರಿಸಿಕೊಟ್ಟರು. ನಮ್ಮ ಮದ್ದಲೆಯ ಬಲಮುಖದಲ್ಲಿಯೂ ಅಂತಹ ಲೇಪವಿದೆ. ರಾಮನ್ನರಿಗೆ ಮರಳು ಬೇಕಾಗಿದ್ದ ಕೆಲಸದ ಒಂದು ಭಾಗವನ್ನು ಇಂದು ಕೋಟದ ಕಾಲೇಜು ವಿದ್ಯಾರ್ಥಿನಿಯು ಹಳೆಯ ಕಂಪ್ಯೂಟರೊಂದರಲ್ಲಿ ಮಾಡಬಲ್ಲಳು: ಪೆಟ್ಟಿನ ಧ್ವನಿಯನ್ನು ಹಿಡಿದು, ಅದರಲ್ಲಿ ಯಾವ ಯಾವ ಕಂಪನಗಳು ಎಷ್ಟೆಷ್ಟಿವೆಯೆಂದು ಎಣಿಸಿ, ಪಟ್ಟಿ ಮಾಡುವುದು. ಚಂಡೆಯ ಪಟ್ಟಿಯನ್ನೂ ಅದರ ಪಕ್ಕದಲ್ಲಿರಿಸಿ ಹೋಲಿಸಿದರೆ ಇನ್ನೂ ಸ್ವಾರಸ್ಯ.

ಕೋಟವೆಂದಾಗ ಒಂದು ಮಾತು. ಅಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ವನ್ನೂ ಬರೆದರು, ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದರು. ಇವೆರಡೂ ಬೇರೆ ಬೇರೆ ಕೋಣೆಗಳೆಂಬ ಭಾವನೆ ಹೇಗೆ ಹುಟ್ಟಿತೋ!

ಕಂಪನಗಳನ್ನು ಎಣಿಸುವ ಸಿದ್ಧ ಪ್ರೋಗ್ರಾಮುಗಳು ಉಚಿತವಾಗಿಯೇ ದೊರೆಯುವಾಗ ಅದನ್ನು ಹೊಸದಾಗಿ ಬರೆಯುವ ಶ್ರಮವೇಕೆ ಎಂದು ವಾಚಕರು ಆಕ್ಷೇಪಿಸಬಹುದು. ಹೊಟ್ಟೆಪಾಡಿನ ಕೆಲಸಕ್ಕೆ ಸಿದ್ಧವಸ್ತುವನ್ನು ಬಳಸತಕ್ಕದ್ದೇ. ಕಲಿಕೆಗಾದರೋ ಒಮ್ಮೆಯಾದರೂ ಕೈಯಾರೆ ಬರೆಯದೆ ಗತ್ಯಂತರವಿಲ್ಲವೆಂದು ನಾವು ತಿಳಿಯುತ್ತೇವೆ. ಅದಕ್ಕೆ ಬೇಕಾದ ಗಣಿತವು ಸೈನು, ಕೊಸೈನು, ಗುಣಾಕಾರ, ಸಂಕಲನ ಇಷ್ಟೇ. ಪಿಯುಸಿ ಮೊದಲ ವರ್ಷದ ಪುಸ್ತಕದಲ್ಲಿ ಪರೀಕ್ಷೆಗೆಂದು ಉರುಹೊಡೆಯುವ ವಿಷಯವೇ. 4,096 ಅಳತೆಗಳ ತುಂಡನ್ನು ನೇರವಾಗಿ ಶೋಧಿಸಲು 1,67,77,216 ಗುಣಾಕಾರಗಳು ಬೇಕು. ಯಂತ್ರ ತಿಣುಕುವುದನ್ನು ಕಣ್ಣಾರೆ ಕಂಡ ಮೇಲೆ, 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಶೀಘ್ರ ವಿಧಾನವು ಅದನ್ನು ಐವತ್ತು ಸಾವಿರದ ಆಸುಪಾಸಿಗೆ ಇಳಿಸುವುದನ್ನು ಕಂಡರೆ ಆಗುವ ಸಂತೋಷವೇ ಬೇರೆ.

ಅಷ್ಟೇ ಅಲ್ಲ. 4,096 ಅಳತೆಗಳ ತುಂಡು ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ತುಸು ಚಿಕ್ಕದು. ಅದರಲ್ಲಿ ಸುಮಾರು 11 ಹರ್ಟ್ಸ್ ಅಂತರದ ಸ್ವರಗಳನ್ನು ಬಿಡಿಸಬಹುದು. ಆದರೆ ಚಂಡೆಯ ಉರುಳಿಕೆಯಲ್ಲಿ ಅಷ್ಟು ಹೊತ್ತಿಗೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಎಲ್ಲ ಕಲಸಿಹೋಗುತ್ತವೆ. ತುಂಡನ್ನು 1,024ಕ್ಕೆ ಇಳಿಸಿದರೆ ಪೆಟ್ಟುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಸ್ವರಗಳು ಮಸುಕಾಗುತ್ತವೆ. ಆಗಿನ ಅಂತರ 43 ಹರ್ಟ್ಸ್. ಕಾಲವನ್ನು ಹಿಡಿದರೆ ಸ್ವರ ಜಾರುತ್ತದೆ, ಸ್ವರವನ್ನು ಹಿಡಿದರೆ ಕಾಲ ಜಾರುತ್ತದೆ. ಸಿದ್ಧ ಪ್ರೋಗ್ರಾಮಿನಲ್ಲಿ ಈ ಆಯ್ಕೆಯನ್ನು ಎಷ್ಟೋ ವೇಳೆ ಬೇರೆಯವರು ನಮ್ಮ ಪರವಾಗಿ ಮಾಡಿ ಮುಗಿಸಿರುತ್ತಾರೆ.

ಧ್ವನಿಯನ್ನು ಬಿಡಿಸುವುದರಷ್ಟೇ ಹುಟ್ಟಿಸುವುದೂ ಹಿತವಾದ ಕೆಲಸ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ 17 ಸೆಕೆಂಡುಗಳ ಸಂಗೀತವನ್ನು ಹೊರಡಿಸಲು ಕೋಣೆ ತುಂಬುವ ಯಂತ್ರ ಬೇಕಾಗಿತ್ತು. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ತೋರಿಸಿದ ಉಪಾಯವಾದರೋ ಮಕ್ಕಳಾಟದಂತಿದೆ. ಮನಬಂದಂತೆ ಆರಿಸಿದ 200 ಅಂಕಿಗಳನ್ನು ಸಾಲಾಗಿಡಿ, ಮೊದಲನೆಯದನ್ನು ಧ್ವನಿಯಾಗಿ ಹೊರಗೆ ಕಳುಹಿಸಿ, ಅದರ ಮತ್ತು ಮುಂದಿನದರ ಸರಾಸರಿಯನ್ನು ಸಾಲಿನ ಕೊನೆಗೆ ಸೇರಿಸಿ, ಹೀಗೆಯೇ ಮುಂದುವರಿಸಿ. ಸುಮಾರು 220 ಹರ್ಟ್ಸ್‌ನ ತಂತಿಯ ಮೀಟು ಕೇಳಿಸುತ್ತದೆ! ಪ್ರತಿ ಸಲವೂ ನಾಣ್ಯ ಚಿಮ್ಮಿದಂತೆ ಸರಾಸರಿಯ ಚಿಹ್ನೆಯನ್ನು ಬದಲಿಸುತ್ತ ಹೋದರೆ ತಂತಿ ಮಾಯವಾಗಿ ತೊಗಲಿನ ಸದ್ದು ಬರುತ್ತದೆ. ಅದು ಮದ್ದಲೆಯಂತೆ ಇರುವುದಿಲ್ಲ ಎಂಬುದು ನಿಜ. ಎಲ್ಲಿ ಇರುವುದಿಲ್ಲ, ಏಕೆ ಇರುವುದಿಲ್ಲ ಎಂದು ಹುಡುಕುವುದಕ್ಕೆ ಒಂದು ಮಳೆಗಾಲವೇ ಸಾಲದು.

ಧ್ವನಿ ಹಿಡಿಯಹೋಗುವವರಿಗೆ ಒಂದೆರಡು ಸೂಚನೆಗಳು. ಫೋನಿನಲ್ಲಿ ಗದ್ದಲ ನಿವಾರಣೆಯನ್ನೂ ತಾನಾಗಿ ಸದ್ದು ಹೊಂದಿಸುವ ವ್ಯವಸ್ಥೆಯನ್ನೂ ನಿಲ್ಲಿಸಬಹುದಾದ ಧ್ವನಿಗ್ರಹಣದ ಪ್ರೋಗ್ರಾಮನ್ನು ಆರಿಸಿ, ವೇವ್ ರೂಪದಲ್ಲಿಯೇ ಉಳಿಸಬೇಕು. ರಂಗಸ್ಥಳದ ಎದುರು ಕುಳಿತರೆ ದೊರೆಯುವುದು ಧ್ವನಿವರ್ಧಕದ ದನಿ, ಮದ್ದಲೆಯದಲ್ಲ. ಆದುದರಿಂದ ಭಾಗವತರ ಮತ್ತು ಮದ್ದಲೆಗಾರರ ಅನುಮತಿ ಪಡೆದು ಆಟಕ್ಕೆ ಮುಂಚೆಯೇ ಚೌಕಿಗೆ ಹೋಗುವುದು ಒಳ್ಳೆಯದು. ಚೌಕಿಪೂಜೆಗೆ ಮುನ್ನ ಅವರು ಮದ್ದಲೆಯನ್ನು ಶ್ರುತಿಗೆ ತರುತ್ತಿರುವಾಗ ಬಿಡಿ ಪೆಟ್ಟುಗಳು ಸಿಗುತ್ತವೆ. ಫೋನನ್ನು ಒಂದು ಮಾರು ದೂರದಲ್ಲಿ, ಮಡಚಿದ ಬಟ್ಟೆಯ ಮೇಲೆ ಇಡಬೇಕು.