ಕಾಲು ತೆಗೆಯೋಕೆ ಕಾರ್ಡ್ ಇದೆ, ಉಳಿಸೋಕೆ?

ನಿನ್ನೆ ರಾಗಿಗೆ ಕುಂಟೆ ಹಾಯಿಸಿ ಬದುವಿನ ಮೇಲೆ ಕೂತಿದ್ದೆ. ಪಕ್ಕದ ಹೊಲ ಈ ಸಲ ಬೀಳು. ಅದು ನಮ್ಮ ದೊಡ್ಡಪ್ಪನ ಮಗ, ಅಣ್ಣನದು. ಹೋದ ತಿಂಗಳು ಅವನ ಬಲಗಾಲನ್ನ ಮೊಣಕಾಲ ಕೆಳಗೆ ತೆಗೆದರು. ಶುಗರ್.

ಆಗಿದ್ದಿಷ್ಟೇ. ಆರೋಗ್ಯ ಕೇಂದ್ರಕ್ಕೆ ಮೂರು ಸಲ ಹೋದ, ಮೂರು ಸಲವೂ "ಮಾತ್ರೆ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ". ಆಟೋಗೆ ದುಡ್ಡು, ಒಂದು ದಿನದ ಕೆಲಸವೂ ಹಾಳು. ಮೈ ಚೆನ್ನಾಗೇ ಇದೆಯಲ್ಲ ಅಂತ ಮಾತ್ರೆ ಬಿಟ್ಟ. ಜೋಳದ ಕೂಳೆ ಚುಚ್ಚಿದ್ದು ವಾಸಿಯಾಗಲಿಲ್ಲ, ಕೊಳೆಯಿತು. ಆಪರೇಷನ್ ಕಾರ್ಡಿನಲ್ಲಿ ಫ್ರೀ ಆಯ್ತು, ಸುಳ್ಳು ಹೇಳಲ್ಲ. ಆದರೆ ಅದಕ್ಕೂ ಮುಂಚೆ ಅಲ್ಲಿ ಇಲ್ಲಿ ತೋರಿಸಿದ್ದು, ಪರೀಕ್ಷೆ, ಔಷಧಿ, ಓಡಾಟ ಸೇರಿ ಎರಡು ಹಸು ಹೋದವು.

ನನ್ನ ಸಿಟ್ಟು ಇಲ್ಲೇ ಇರೋದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಅದು ಆಸ್ಪತ್ರೆಗೆ ಸೇರಿದ ಮೇಲೆ. ಮೆಡಿಕಲ್ ಸ್ಟೋರಿನಲ್ಲಿ ತಿಂಗಳು ತಿಂಗಳು ತಗೊಳ್ಳೋ ಬಿಪಿ, ಶುಗರ್ ಮಾತ್ರೆಗೆ ಆ ಕಾರ್ಡ್ ನಡೆಯಲ್ಲ. ಕಾಲು ತೆಗೆಯೋಕೆ ದುಡ್ಡು ಕೊಡ್ತಾರೆ, ಉಳಿಸೋ ಮಾತ್ರೆಗೆ ಸ್ಟಾಕ್ ಇಲ್ಲ! ಬೆಳೆ ವಿಮೆ ಕೊಟ್ಟು ನಾಲೆಗೆ ನೀರು ಬಿಡದಿದ್ದರೆ ನಾವು ಸುಮ್ನಿರ್ತೀವಾ?

ಸರ್ಕಾರವೇ ಬರೆದಿಟ್ಟಿದ್ದು ನೋಡಿ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಪ್ರಕಾರ 2025ಕ್ಕೆ ಆರೋಗ್ಯದ ಸರ್ಕಾರಿ ಖರ್ಚು ಜಿಡಿಪಿಯ 2.5% ಆಗಬೇಕಿತ್ತು. ಅದರಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಆರೈಕೆಗೆ ಅಂತಲೂ ಅದೇ ನೀತಿಯಲ್ಲಿದೆ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಖರ್ಚಾಗಿದ್ದು 1.84%, ಅದೂ ಕೊರೋನಾ ಕಾಲದಲ್ಲಿ. ಜನರ ಜೇಬಿನ ಪಾಲು 2013-14ರಲ್ಲಿ 64.2% ಇದ್ದದ್ದು 39.4%ಕ್ಕೆ ಇಳಿದಿದೆ, ಒಪ್ಪೋಣ. ಆದರೂ ನೂರರಲ್ಲಿ ಹತ್ತಿರ ಹತ್ತಿರ ನಲವತ್ತು ರೂಪಾಯಿ ಇನ್ನೂ ನಮ್ಮದೇ.

"ಬಡ ದೇಶ, ದುಡ್ಡೆಲ್ಲಿದೆ?" ಅಂತೀರಾ? ಥಾಯ್ಲೆಂಡ್ ನೋಡಿ, ಅದೂ ನಮ್ಮಂಗೆ ಭತ್ತ ಬೆಳೆಯೋ ದೇಶ. 2002ರಲ್ಲೇ ತೆರಿಗೆ ದುಡ್ಡಲ್ಲಿ ಎಲ್ಲರಿಗೂ ಆರೋಗ್ಯ ಕೊಟ್ಟಿತು. ಒಂದು ಭೇಟಿಗೆ 30 ಬಾತ್ ಅಷ್ಟೇ. ಹೊರರೋಗಿ ಚಿಕಿತ್ಸೆ, ಮಾತ್ರೆ ಎಲ್ಲಾ ಅದರಲ್ಲೇ. ಅವರು ಮೊದಲು ಗಟ್ಟಿ ಮಾಡಿದ್ದು ತಾಲ್ಲೂಕು ಮಟ್ಟದ ಆಸ್ಪತ್ರೆಗಳನ್ನ.

ನಮ್ಮ ತಪ್ಪೂ ಇದೆ ಕಣ್ರೀ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿ ದೀಪ ಕೇಳ್ತೀವಿ. ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಯಾಕಿಲ್ಲ ಅಂತ ಯಾರು ಕೇಳಿದೀವಿ? ಗೊಬ್ಬರ ಸ್ಟಾಕ್ ಇಲ್ಲ ಅಂದ್ರೆ ರಸ್ತೆಗಿಳೀತೀವಿ, ಶುಗರ್ ಮಾತ್ರೆ ಇಲ್ಲ ಅಂದ್ರೆ ತಲೆ ಬಗ್ಗಿಸಿಕೊಂಡು ವಾಪಸ್ ಬರ್ತೀವಿ.

ಮುಂದಿನ ಗ್ರಾಮಸಭೆಗೆ ನಾನು ಹೋಗ್ತೀನಿ. ಮೂರು ಪ್ರಶ್ನೆ ಬರೆದಿಟ್ಟುಕೊಂಡಿದೀನಿ: ಬಿಪಿ-ಶುಗರ್ ಮಾತ್ರೆ ಎಷ್ಟು ತಿಂಗಳದು ಇದೆ? ಲ್ಯಾಬಿನವರು ವಾರಕ್ಕೆ ಎಷ್ಟು ದಿನ ಇರ್ತಾರೆ? ಆರೋಗ್ಯ ರಕ್ಷಾ ಸಮಿತಿ ಕೊನೆಗೆ ಸಭೆ ಸೇರಿದ್ದು ಯಾವಾಗ? ಉತ್ತರ ಬರವಣಿಗೆಯಲ್ಲೇ ಕೇಳ್ತೀನಿ. ನೀವೂ ನಿಮ್ಮೂರಲ್ಲಿ ಕೇಳಿ.

ಸಂಜೆ ಅಣ್ಣನ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಕೂತು "ಹೊಲ ಹೆಂಗಿದೆಯೋ?" ಅಂದ. ಏನು ಹೇಳಲಿ?