ಕಂಪ್ಯೂಟರ್ ಮೂಕವಾದಾಗ ಪಕ್ಕದಲ್ಲಿ ಯಾರಿದ್ದಾರೆ?

ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗನೊಬ್ಬ ಮೊನ್ನೆ ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಹುಟ್ಟಿನಿಂದ ಕಣ್ಣು ಕಾಣದವನು, ಈಗ ಡಿಗ್ರಿ ಓದುತ್ತಿದ್ದಾನೆ. ನಮ್ಮ ದನಿ ಕೇಳಿದ ಕೂಡಲೇ ಗುರುತು ಹಿಡಿದ. "ಸಾರ್, ಯಾರೋ ಒಂದು ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, ವಿಂಡೋಸ್ 10 ಇದೆ. ಅದರ ಕಾಲ ಮುಗೀತು, 11 ಇದಕ್ಕೆ ಹತ್ತಲ್ಲ, ಪುಕ್ಕಟೆ ಲಿನಕ್ಸ್ ಹಾಕಿಕೊಡ್ತೀನಿ ಅಂತಾರೆ ಅಂಗಡಿಯವರು. ಹಾಕಿಸಿಕೊಳ್ಲಾ?" ಅಂದ.

ನಾವು ಕಂಪ್ಯೂಟರ್ ಪಂಡಿತರಲ್ಲ. ಆದರೂ ಮೇಷ್ಟ್ರನ್ನು ಕೇಳಿದ ಮೇಲೆ ಏನಾದರೂ ಹೇಳಲೇಬೇಕಲ್ಲ! ನಾಲ್ಕು ದಿನ ಟೈಮ್ ಕೊಡಪ್ಪಾ ಅಂತ ಹೇಳಿ ಬಂದೆವು.

ಅಂಗಡಿಯವರು ಹೇಳಿದ್ದು ಸುಳ್ಳೇನಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ಮಾಮೂಲು ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿತು, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕಂತೆ. ದಾನಕ್ಕೆ ಬರುವ ಹಳೆಯ ಯಂತ್ರಗಳಲ್ಲಿ ಬಹಳಷ್ಟಕ್ಕೆ ಅದಿಲ್ಲ. ಕಣ್ಣಿರುವವರಿಗಾದರೆ ಇಲ್ಲಿಗೆ ಲೆಕ್ಕ ಮುಗಿಯಿತು. ಕಣ್ಣಿಲ್ಲದವನಿಗೆ ಲೆಕ್ಕ ಶುರುವಾಗುವುದೇ ಇಲ್ಲಿಂದ.

ಅವನಿಗೆ ಪರದೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರೇ ಅವನ ಕಂಪ್ಯೂಟರ್. ಹಿಂದೆ ಇದಕ್ಕೆ ಬಹಳ ಹೆಸರುವಾಸಿಯಾಗಿದ್ದದ್ದು ಜಾಸ್. ಅಮೆರಿಕದಲ್ಲಿ ಆಗ ಅದರ ಬೆಲೆ ಸಾವಿರ ಡಾಲರಿನ ಆಸುಪಾಸು ಇತ್ತು. ನಮ್ಮ ಕಡೆ ಶೇಂಗಾ ಬೆಳೆಯುವ ರೈತನ ಮಗ ಆ ದುಡ್ಡು ಎಲ್ಲಿಂದ ತರಬೇಕು ಹೇಳಿ! 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎನ್‌ವಿಡಿಎ ಅನ್ನುವ ಪುಕ್ಕಟೆ ತಂತ್ರಾಂಶ ಬರೆಯಲು ಶುರುಮಾಡಿದರು. ಮರುವರ್ಷ ಜೇಮ್ಸ್ ಟೆ ಅವರೊಂದಿಗೆ ಸೇರಿ ಅದಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಇಬ್ಬರೂ ಅಂಧರೇ. ಇದು ವಿಂಡೋಸ್ ಮೇಲೆ ಮಾತ್ರ ಓಡುತ್ತದೆ. ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ಹೋಗಿ ಬೇರೆಯವರ ಕಂಪ್ಯೂಟರಿನಲ್ಲೂ ಓಡಿಸಬಹುದು.

ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಓರ್ಕಾ ಇದೆ. ಅದೂ ಪುಕ್ಕಟೆ. ಕೇರಳದವರು ದೃಷ್ಟಿಹೀನರಿಗಾಗಿಯೇ ಆಕ್ಸೆಸಿಬಲ್ ಕೊಕೊನಟ್ ಅಂತ ಒಂದು ಲಿನಕ್ಸ್ ಕೂಡ ಕೂಡಿಸಿಟ್ಟಿದ್ದಾರೆ. ಎರಡು ಕಡೆಯೂ ಈ-ಸ್ಪೀಕ್ ಅನ್ನುವ ಧ್ವನಿ ಸಿಗುತ್ತದೆ, ಅದರಲ್ಲಿ ಕನ್ನಡವೂ ಇದೆ, ತೆಲುಗೂ ಇದೆ. ದನಿ ಮಾತ್ರ ಡಬ್ಬದೊಳಗಿಂದ ಮಾತಾಡಿದ ಹಾಗೆ! ಆದರೆ ಸ್ಪಷ್ಟ, ಚುರುಕು. ಹುಡುಗ ಇಡುವ ವೇಗದಲ್ಲಿ ನಮಗೆ ಒಂದು ಪದವೂ ತಿಳಿಯಲಿಲ್ಲ, ಅವನು ನಗುತ್ತಾ ಇಡೀ ಪ್ಯಾರಾ ಒಪ್ಪಿಸಿದ.

ಹಾಗಾದರೆ ದುಡ್ಡಿನಲ್ಲಿ ಸಮ, ಕನ್ನಡದಲ್ಲೂ ಸಮ. ಮತ್ತೆ ಯಾವುದರ ಮೇಲೆ ತೀರ್ಮಾನ ಮಾಡುವುದು?

ಕಂಪ್ಯೂಟರ್ ಮೂಕವಾಗುವ ದಿನದ ಮೇಲೆ ಅಂತ ನಮ್ಮ ಅನಿಸಿಕೆ. ಅಪ್‌ಡೇಟ್ ಆದ ಮೇಲೆ ಸೌಂಡ್ ಹೋಯಿತು ಅಂದುಕೊಳ್ಳಿ. ನಮಗೆ ಹಾಡು ಕೇಳಿಸುವುದಿಲ್ಲ, ಅಷ್ಟೇ. ಅವನಿಗೆ ಎಲ್ಲವೂ ನಿಂತ ಹಾಗೆ. ಸ್ಕ್ರೀನ್ ರೀಡರ್ ಮಾತ್ರ ನಿಂತಿದ್ದರೆ ಉಪಾಯವಿದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಮೂರೂ ಕೂಡಿ ಒತ್ತಿದರೆ ಅದರದ್ದೇ ನರೇಟರ್ ಮಾತಾಡುತ್ತದೆ. ಉಬುಂಟು ಲಿನಕ್ಸ್‌ನಲ್ಲಿ ಆಲ್ಟ್, ವಿಂಡೋಸ್ ಕೀಲಿ ಮತ್ತು ಎಸ್ ಒತ್ತಿದರೆ ಓರ್ಕಾ ಏಳುತ್ತದೆ. ಸೌಂಡ್ ಡ್ರೈವರೇ ಕೈಕೊಟ್ಟರೆ ಇವೆರಡೂ ಮೂಕ. ಆಗ ಕಣ್ಣಿರುವ ಯಾರಾದರೂ ಪರದೆ ನೋಡಿ ಸರಿಮಾಡಬೇಕು. ಆ "ಯಾರಾದರೂ" ನಮ್ಮ ಊರಲ್ಲಿ ಯಾರು? ಪಕ್ಕದ ಮನೆಯ ಕಾಲೇಜು ಹುಡುಗಿ, ಜೆರಾಕ್ಸ್ ಅಂಗಡಿಯವನು, ಇಲ್ಲವೇ ನಾವೇ. ಎಲ್ಲರಿಗೂ ಅಷ್ಟೋ ಇಷ್ಟೋ ಬರುವುದು ವಿಂಡೋಸ್. ಲಿನಕ್ಸ್ ಹಾಕಿಕೊಡುತ್ತೇನೆ ಅಂದ ಅಂಗಡಿಯವರನ್ನೇ ಓರ್ಕಾ ಗೊತ್ತಾ ಅಂತ ಕೇಳಿದೆವು. ಅದೇನು ಸಾರ್ ಅಂದರು!

ಇನ್ನೊಂದು ಸಂಗತಿ ತಿಳಿದು ನಮಗೆ ನಿಜಕ್ಕೂ ಖುಷಿಯಾಯಿತು. ಎನ್‌ವಿಡಿಎಯ 2025.1ನೇ ಆವೃತ್ತಿಯಿಂದ ದೂರದ ಕಂಪ್ಯೂಟರನ್ನು ನಡೆಸುವ ಸೌಲಭ್ಯ ಒಳಗೇ ಬಂದಿದೆ. ಎರಡು ಕಡೆಯೂ ಎನ್‌ವಿಡಿಎ, ಇಂಟರ್‌ನೆಟ್ ಇದ್ದರಾಯಿತು. ಬೆಂಗಳೂರಿನಲ್ಲಿ ಕೂತ ಅಂಧ ಗೆಳೆಯನೊಬ್ಬ ರಾಯದುರ್ಗದ ಈ ಯಂತ್ರದ ಮಾತನ್ನು ಅಲ್ಲಿಂದಲೇ ಕೇಳಿಸಿಕೊಂಡು ಸೆಟ್ಟಿಂಗ್ ಸರಿಮಾಡಬಲ್ಲ. ಕಣ್ಣಿರುವವರ ಹಂಗೇ ಬೇಡ.

ಕಾಸರಗೋಡಿನ ಕನ್ನಡ ಶಾಲೆಯ ಹುಡುಗ ಇದೇ ಪ್ರಶ್ನೆ ಕೇಳಿದ್ದರೆ ನಾವು ಲಿನಕ್ಸ್ ಅನ್ನುತ್ತಿದ್ದೆವೋ ಏನೋ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಅದರ ಮೇಲೆ. ಅಲ್ಲಿ ಮೇಷ್ಟ್ರಿಗೂ ಗೊತ್ತು, ಪಕ್ಕದ ಬೆಂಚಿನವನಿಗೂ ಗೊತ್ತು. ನಮ್ಮಲ್ಲಿ ಹಾಗಿಲ್ಲ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಈ ವಿಷಯದಲ್ಲಿ ಎರಡೂ ಕಡೆಯ ಕನ್ನಡ ಮಕ್ಕಳ ಪಾಡು ಒಂದೇ.

ಮೊಬೈಲ್ ಇದೆಯಲ್ಲ, ಟಾಕ್‌ಬ್ಯಾಕ್ ಸಾಕಲ್ಲವೇ ಅನ್ನುವವರಿದ್ದಾರೆ. ಫೋನಿಗೆ, ವಾಟ್ಸಾಪಿಗೆ ಸಾಕು. ಹತ್ತು ಪುಟದ ಅಸೈನ್‌ಮೆಂಟ್ ಗಾಜಿನ ಮೇಲೆ ತಡಕಾಡಿ ಟೈಪ್ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಕೊನೆಗೆ ನಾವು ಹುಡುಗನಿಗೆ ಹೇಳಿದ್ದು ಇಷ್ಟು. ವಿಂಡೋಸ್ ತೆಗೆಸಬೇಡ, ಆ ಹೆಚ್ಚುವರಿ ಅಪ್‌ಡೇಟಿಗೆ ಹೆಸರು ನೋಂದಾಯಿಸು. 11 ಹತ್ತುವ ಯಂತ್ರಕ್ಕಾಗಿ ಮೇಷ್ಟ್ರುಗಳೆಲ್ಲ ಸೇರಿ ಪ್ರಯತ್ನ ಮಾಡುತ್ತೇವೆ. ಲಿನಕ್ಸ್ ಕಲಿಯುವ ಆಸೆ ಇದ್ದರೆ ಪೆನ್ ಡ್ರೈವ್‌ನಿಂದ ಓಡಿಸಿ ನೋಡು, ಇರುವುದನ್ನು ಅಳಿಸಿ ಬೇಡ.

"ಸರಿ ಸಾರ್" ಅಂದವನು ಒಂದು ಮಾತು ಸೇರಿಸಿದ. "ನೀವು ಕಳಿಸಿದ ಕನ್ನಡ ನೋಟ್ಸ್ ಯಾವುದರಲ್ಲೂ ಓದಲ್ಲ ಸಾರ್. ಬರೀ ಇಂಗ್ಲಿಷ್ ಅಕ್ಷರ, ಗುರುತು ಹೇಳುತ್ತೆ."

ನೋಡಿದರೆ ತಪ್ಪು ನಮ್ಮದೇ! ಅಷ್ಟೂ ವರ್ಷ ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆವು. ನಮ್ಮ ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿನ ಒಳಗೆ ಇರುವುದು ಬರೀ ರೋಮನ್ ಅಕ್ಷರ. ಯಾವ ಆಪರೇಟಿಂಗ್ ಸಿಸ್ಟಮ್ ತಾನೇ ಏನು ಮಾಡೀತು? ಈಗ ಒಂದೊಂದೇ ಪಾಠ ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ಕೆಟ್ಟಲ್ಲಿ ತಿದ್ದುತ್ತಾ ಕೂತಿದ್ದೇವೆ. ಹಳಗನ್ನಡದ ಭಾಗ ಇನ್ನೂ ಬಾಕಿ ಇದೆ.