ಕಂಬದ ಬುಡ ನೋಡಿದಿರಾ?

ಮಕ್ಕಳೇ, ನಮ್ಮ ರಾಜ್ಯದಲ್ಲಿ ಪ್ರತಿ 1000 ಪುರುಷರಿಗೆ ಎಷ್ಟು ಮಹಿಳೆಯರಿದ್ದಾರೆ ಎಂಬುದನ್ನು ಜನಗಣತಿ ತಿಳಿಸುತ್ತದೆ. ಇದಕ್ಕೆ ಲಿಂಗಾನುಪಾತ ಎನ್ನುತ್ತಾರೆ. ಕರ್ನಾಟಕದಲ್ಲಿ ಇದು 1991ರಲ್ಲಿ 960, 2001ರಲ್ಲಿ 965, 2011ರಲ್ಲಿ 973 ಇತ್ತು. ಈ ಮೂರು ಸಂಖ್ಯೆಗಳನ್ನು ಕಂಪ್ಯೂಟರ್‌ನಲ್ಲಿ ಎಕ್ಸೆಲ್ ತೆರೆದು ತುಂಬಿ, ಸ್ತಂಭಾಲೇಖ ಬೇಕೆಂದು ಗುಂಡಿ ಒತ್ತಿ. ಕಣ್ಣು ಮಿಟುಕಿಸುವುದರೊಳಗೆ ಮೂರು ಕಂಬಗಳು ಮೂಡುತ್ತವೆ. ಮೊದಲನೆಯದು ಗಿಡ್ಡ, ಮೂರನೆಯದು ಬಲು ಎತ್ತರ. ನೋಡಿದವರು 'ಅಬ್ಬಾ, ಇಷ್ಟೊಂದು ಏರಿಕೆಯೇ!' ಎನ್ನುತ್ತಾರೆ.

ಈಗ ಕಂಬಗಳ ಬುಡ ನೋಡಿ. ಎಡಗಡೆಯ ಲಂಬ ಅಕ್ಷ ಸೊನ್ನೆಯಿಂದ ಶುರುವಾಗಿಲ್ಲ! ಸಂಖ್ಯೆಗಳು ಒಂದಕ್ಕೊಂದು ಹತ್ತಿರವಿದ್ದಾಗ ಎಕ್ಸೆಲ್ ತಾನಾಗಿಯೇ ಅಕ್ಷದ ಕೆಳಭಾಗವನ್ನು ಕತ್ತರಿಸಿಬಿಡುತ್ತದೆ. ಅಕ್ಷ 950ರಿಂದ ಆರಂಭವಾಯಿತು ಎಂದುಕೊಳ್ಳಿ. ಆಗ 1991ರ ಕಂಬದ ಎತ್ತರ 10, 2011ರ ಕಂಬದ ಎತ್ತರ 23. ಕಣ್ಣಿಗೆ ಎರಡು ಪಟ್ಟಿಗಿಂತಲೂ ಹೆಚ್ಚು. ನಿಜವಾದ ಏರಿಕೆ ಎಷ್ಟು? 960ಕ್ಕೆ 13. ಅಂದರೆ ನೂರಕ್ಕೆ ಒಂದೂವರೆಯೂ ಇಲ್ಲ.

ಕಂಬ ಮಾತನಾಡುವುದು ತನ್ನ ಉದ್ದದಿಂದ. ಬುಡ ಕತ್ತರಿಸಿದ ಕಂಬ ಸುಳ್ಳು ಹೇಳುತ್ತದೆ, ನೀವು ತುಂಬಿದ ಸಂಖ್ಯೆಗಳು ಸರಿಯಾಗಿದ್ದರೂ ಕೂಡ. ಆದ್ದರಿಂದ ಸ್ತಂಭಾಲೇಖದ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು, ಇದರಲ್ಲಿ ರಾಜಿ ಬೇಡ ಎನ್ನುವವನು ನಾನು. ಲಂಬ ಅಕ್ಷದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಫಾರ್ಮ್ಯಾಟ್ ಆಕ್ಸಿಸ್' ತೆರೆಯಿರಿ. 'ಮಿನಿಮಮ್' ಎಂದಿರುವಲ್ಲಿ 0 ಎಂದು ಬರೆದರೆ ಆಯಿತು.

'ಸರ್, ಹಾಗೆ ಮಾಡಿದರೆ ಮೂರೂ ಕಂಬ ಒಂದೇ ಎತ್ತರ ಕಾಣುತ್ತವಲ್ಲ, ಏನೂ ಬದಲಾಗಿಲ್ಲವೇ?' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಸಣ್ಣ ಬದಲಾವಣೆಯೂ ಕೆಲವೊಮ್ಮೆ ಬಹಳ ಮುಖ್ಯವಾಗಿರುತ್ತದೆ. 6 ವರ್ಷದವರೆಗಿನ ಮಕ್ಕಳನ್ನು ಮಾತ್ರ ಲೆಕ್ಕ ಹಾಕಿ ನೋಡೋಣ. ಪ್ರತಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 1991ರಲ್ಲಿ 960, 2001ರಲ್ಲಿ 946, 2011ರಲ್ಲಿ 948. 1991ರಲ್ಲಿ ಎರಡೂ ಲೆಕ್ಕ 960ರಲ್ಲೇ ಇದ್ದವು! ಆಮೇಲೆ ದೊಡ್ಡವರೂ ಸೇರಿದ ಲೆಕ್ಕ ಮೇಲಕ್ಕೆ ಹೋಯಿತು, ಮಕ್ಕಳದ್ದು ಕೆಳಕ್ಕೆ ಇಳಿಯಿತು. ಮೊದಲ ಲೆಕ್ಕ ಮಾತ್ರ ನೋಡಿದವರು ಎಲ್ಲ ಸರಿಹೋಗುತ್ತಿದೆ ಎಂದು ಸುಮ್ಮನಾಗಬಹುದು. ಆದರೆ ಹುಟ್ಟುವ ಮೊದಲೋ ಹುಟ್ಟಿದ ಮೇಲೋ ನಮ್ಮ ಹೆಣ್ಣುಮಕ್ಕಳಿಗೆ ಏನಾಗುತ್ತಿದೆ ಎಂದು ಕೇಳಬೇಕಾದದ್ದು ಎರಡನೆಯ ಲೆಕ್ಕ ನೋಡಿದಾಗ.

ಇದನ್ನು ತೋರಿಸಲು ಕಂಬ ಬೇಡ, ರೇಖಾ ನಕ್ಷೆ ಬೇಕು. ಗೆರೆ ಮಾತನಾಡುವುದು ತನ್ನ ಏರಿಳಿತದಿಂದ. ಹಾಗಾಗಿ ಅದರ ಅಕ್ಷ 900ರಿಂದ 1000ದವರೆಗೆ ಇದ್ದರೂ ತಪ್ಪಲ್ಲ, ಆ ಅಂಕಿಗಳು ಅಕ್ಷದ ಮೇಲೆ ಸ್ಪಷ್ಟವಾಗಿ ಕಾಣಬೇಕು ಅಷ್ಟೇ. ಒಂದೇ ಬಿಂದುವಿನಿಂದ ಹೊರಟ ಎರಡು ಗೆರೆಗಳು ಕವಲೊಡೆದ ದಾರಿಯಂತೆ ದೂರವಾಗುವುದು ಆಗ ಕಾಣುತ್ತದೆ. ಎರಡಕ್ಕೂ ಪ್ರಮಾಣ ಒಂದೇ ಇರಲಿ. (ಒಂದು ಮಾತು: ಇಸವಿಗಳಿರುವ ಕಾಲಂ ಅನ್ನೂ ಸೇರಿಸಿ ಆರಿಸಿದರೆ ಕಂಪ್ಯೂಟರ್ ಕೆಲವೊಮ್ಮೆ 1991ನ್ನೂ ಒಂದು ಅಳತೆ ಎಂದು ತಿಳಿದು ಅದಕ್ಕೂ ಗೆರೆ ಎಳೆದುಬಿಡುತ್ತದೆ!)

ಯಾವ ನಕ್ಷೆ ಎಂಬುದನ್ನು ನಮ್ಮ ಕೈಯಲ್ಲಿರುವ ದತ್ತಾಂಶ ಹೇಳಬೇಕು. ಬ್ರಿಟನ್ನಿನ ವಿಲಿಯಂ ಪ್ಲೇಫೇರ್ 1786ರ ತನ್ನ ಪುಸ್ತಕದಲ್ಲಿ ಹಲವು ವರ್ಷಗಳ ವ್ಯಾಪಾರವನ್ನು ಗೆರೆಗಳಲ್ಲಿ ತೋರಿಸಿದ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಬಂದಾಗ ಅವನ ಬಳಿ ಒಂದೇ ವರ್ಷದ ಅಂಕಿಗಳಿದ್ದವು. ಒಂದು ವರ್ಷಕ್ಕೆ ಗೆರೆ ಎಳೆಯುವುದು ಹೇಗೆ? ಪ್ರತಿ ದೇಶಕ್ಕೂ ಪಟ್ಟಿಗಳನ್ನು ಬರೆದ. ಸ್ತಂಭಾಲೇಖ ಬಳಕೆಗೆ ಬಂದದ್ದು ಹೀಗೆ.

ಇನ್ನೊಂದು ಬಲೆ ಇದೆ, ವಿಜ್ಞಾನ ಪ್ರಯೋಗ ಮಾಡುವವರು ಇದರಲ್ಲಿ ಸುಲಭವಾಗಿ ಬೀಳುತ್ತಾರೆ. ಹುರುಳಿ ಗಿಡದ ಎತ್ತರವನ್ನು 5, 7, 10 ಮತ್ತು 20ನೇ ದಿನ ಅಳೆದಿದ್ದೀರಿ ಎನ್ನಿ. 'ಲೈನ್' ಎಂಬ ನಕ್ಷೆ ಆರಿಸಿದರೆ ಕಂಪ್ಯೂಟರ್ ಈ ನಾಲ್ಕು ದಿನಗಳನ್ನು ಸಮ ದೂರದಲ್ಲಿ ಕೂರಿಸುತ್ತದೆ. 2 ದಿನದ ಅಂತರವೂ 10 ದಿನದ ಅಂತರವೂ ಒಂದೇ ಆಗಿ, ಗಿಡ ಕೊನೆಯಲ್ಲಿ ದಿಢೀರನೆ ಬೆಳೆದಂತೆ ಕಾಣಬಹುದು. 'ಎಕ್ಸ್ ವೈ ಸ್ಕ್ಯಾಟರ್' ಆರಿಸಿದರೆ ದಿನಗಳು ಸರಿಯಾದ ಅಂತರದಲ್ಲಿ ಕೂರುತ್ತವೆ.

ಇದಕ್ಕಾಗಿಯೇ ನಾನು ಗ್ರಾಫ್ ಹಾಳೆಯ ಪರ. 'ಕಂಪ್ಯೂಟರ್ ಬಂದ ಮೇಲೆ ಗ್ರಾಫ್ ಹಾಳೆ ಯಾಕೆ?' ಎನ್ನುವ ಶಿಕ್ಷಕ ಮಿತ್ರರಿದ್ದಾರೆ. ಹಾಳೆಯ ಮೇಲೆ ಬರೆಯುವಾಗ ಒಂದು ಚೌಕಕ್ಕೆ ಎಷ್ಟು, ಎಲ್ಲಿಂದ ಶುರು ಎಂದು ನೀವೇ ಯೋಚಿಸಬೇಕು. 10ನೇ ದಿನದಿಂದ 20ನೇ ದಿನಕ್ಕೆ ಹೋಗಲು ಹತ್ತು ಚೌಕಗಳನ್ನು ನಿಮ್ಮ ಬೆರಳೇ ದಾಟಬೇಕು. ಕಂಪ್ಯೂಟರ್ ಆ ನಿರ್ಧಾರಗಳನ್ನು ನಿಮಗೆ ಹೇಳದೆಯೇ ಮಾಡಿ ಮುಗಿಸಿರುತ್ತದೆ. 6ನೇ ತರಗತಿಯಲ್ಲಿ ಕೈಯಿಂದ ಹತ್ತು ನಕ್ಷೆ ಬರೆದವರು ಮುಂದೆ ಸ್ಪ್ರೆಡ್‌ಶೀಟ್ ತೆರೆದಾಗ ಅದರ ಜಾಣತನವನ್ನೂ ಪೆದ್ದುತನವನ್ನೂ ಗುರುತಿಸಬಲ್ಲರು.

ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಆಯಾಮದ, ಓರೆಯಾಗಿ ಮಲಗಿಸಿದ ಪೈ ನಕ್ಷೆಯಲ್ಲಿ ನಮ್ಮ ಕಡೆಗಿರುವ ತುಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವಸ್ತುಪ್ರದರ್ಶನದ ತೀರ್ಪುಗಾರರು ಅದಕ್ಕೆ ಅಂಕ ಕೊಡುವುದನ್ನು ನಿಲ್ಲಿಸಬೇಕು. ಏಳೆಂಟು ಬಣ್ಣ ತುಂಬಿದ ನಕ್ಷೆ ಕಪ್ಪು-ಬಿಳುಪು ಮುದ್ರಣದಲ್ಲಿ ಬರೀ ಬೂದಿ ಬಣ್ಣವಾಗುತ್ತದೆ. ಅದರ ಬದಲು ಪ್ರತಿ ಗೆರೆಯ ತುದಿಯಲ್ಲಿ ಅದರ ಹೆಸರು ಬರೆಯಿರಿ. ಅಳತೆ ಸೆಂಟಿಮೀಟರಿನದೋ ಲೀಟರಿನದೋ ಎಂಬುದೂ ಅಕ್ಷದ ಪಕ್ಕದಲ್ಲಿರಲಿ.

ಈ ವಾರ ನಿಮ್ಮ ತರಗತಿಯ ಹಾಜರಾತಿಯನ್ನು ಸೋಮವಾರದಿಂದ ಶನಿವಾರದವರೆಗೆ ಬರೆದಿಟ್ಟುಕೊಳ್ಳಿ. ಅದಕ್ಕೆ ಎರಡು ಸ್ತಂಭಾಲೇಖ ಮಾಡಿ. ಒಂದರ ಅಕ್ಷ ಸೊನ್ನೆಯಿಂದ, ಇನ್ನೊಂದರ ಅಕ್ಷ ಅತಿ ಕಡಿಮೆ ಹಾಜರಾತಿಗಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಶುರುವಾಗಲಿ. ಅಂಕಿಗಳನ್ನು ಬೆರಳಿನಿಂದ ಮುಚ್ಚಿ, ಎರಡನ್ನೂ ಬೇರೆ ತರಗತಿಯ ಗೆಳೆಯರಿಗೆ ತೋರಿಸಿ, 'ಈ ವಾರ ಏನಾಯಿತು?' ಎಂದು ಕೇಳಿ. ಅವರ ಉತ್ತರಗಳನ್ನು ನಕ್ಷೆಯ ಕೆಳಗೇ ಬರೆದು ಗೋಡೆಗೆ ಅಂಟಿಸಿ.